ಬಾಯಿ ಹೇಳಿದ್ದೊಂದು, ಬೆನ್ನು ಹೇಳಿದ್ದೊಂದು

ಹರಿಪ್ರಿಯಾ: ಇದರಲ್ಲಿ ಏನು ಕಮ್ಮಿಯಾಗಿದೆ ಹೇಳಿ ಯತಿರಾಜಣ್ಣ. ಎಲ್ಲಾ ಇದೆ.

ಯತಿರಾಜ್: ಅದೇ ತೊಂದರೆ. ನನ್ನ ಅಂಗಡೀಲೂ ಎಲ್ಲಾ ಇದೆ. ಬಂದವರು ಕೊತ್ತಂಬರಿ ಸೊಪ್ಪು ಮಾತ್ರ ತಗೊಂಡು ಹೋಗ್ತಾರೆ.

ಜರ್ಮನಿಯ ಫೊಯರ್‌ಬಾಕ್‌ನಲ್ಲಿ ಯತಿರಾಜನ ಪುಟ್ಟ ದಿನಸಿ ಅಂಗಡಿಯ ಕೌಂಟರ್ ಮೇಲೆ, ಹಪ್ಪಳದ ಕಟ್ಟುಗಳ ನಡುವೆ, ಹರಿಪ್ರಿಯಾಳ ಅರ್ಜಿ ಬಿದ್ದಿತ್ತು. ಆಕೆ ಆಸ್ಪತ್ರೆಯ ಸ್ಕ್ಯಾನಿಂಗ್ ವಿಭಾಗದ ಡಾಕ್ಟರು. ಈಗ ಆಸ್ಟಿಯೋಪಥಿ ಕಲಿಯುವ ಹಂಬಲ. ಯಂತ್ರ, ಮಾತ್ರೆ ಪಕ್ಕಕ್ಕಿಟ್ಟು, ಮೂಳೆ ಕೀಲುಗಳ ತೊಂದರೆಯನ್ನು ಬೆರಳಿನಿಂದಲೇ ಹುಡುಕಿ ಸರಿಪಡಿಸುವ ವಿದ್ಯೆ ಅದು. ನಾಳೆ ಬೆಳಿಗ್ಗೆ ಹತ್ತಕ್ಕೆ ಸಂದರ್ಶನ. ಈ ವಿದ್ಯೆ ನಿನಗೇಕೆ ಬೇಕು ಎಂದು ಒಂದು ಪುಟ ಬರೆದು ತರಬೇಕು. ಜೊತೆಗೆ ನೋವಿರುವ ಒಬ್ಬರನ್ನು ಕರೆತಂದು ಪರೀಕ್ಷಕರೆದುರು ಮುಟ್ಟಿ ತೋರಿಸಬೇಕು. ಆ ಒಬ್ಬರಾಗಲು ಯತಿರಾಜ್ ಒಪ್ಪಿದ್ದ. ಅವನ ಬೆನ್ನುನೋವು ಇಡೀ ಫೊಯರ್‌ಬಾಕ್‌ನ ಕನ್ನಡಿಗರಿಗೆ ಗೊತ್ತು. ಅವನೇ ಹೇಳಿಕೊಂಡಿದ್ದ.

ಯತಿರಾಜ್ (ಜರ್ಮನ್ ಪತ್ರವನ್ನು ಕನ್ನಡಕ್ಕಿಳಿಸಿ ಓದುತ್ತಾ): ‘ಮಗಳು ವೈದ್ಯೆಯಾಗಬೇಕೆಂಬುದು ನನ್ನ ತಂದೆಯವರ ಕನಸಾಗಿತ್ತು.’ ನಾಳೆ ಅಪ್ಪನೂ ಬರ್ತಾರಾ?

ಹರಿಪ್ರಿಯಾ: ಅವರು ಮೈಸೂರಲ್ಲಿದ್ದಾರೆ.

ಯತಿರಾಜ್: ಅಲ್ಲೇ ಇರಲಿ ಪಾಪ, ಇಲ್ಲಿಗ್ಯಾಕೆ ಎಳ್ಕೊಂಡ್ ಬಂದ್ರಿ. ‘ಎಸ್ಸೆಸ್ಸೆಲ್ಸಿಯಲ್ಲಿ ಶಾಲೆಗೆ ಪ್ರಥಮ.’

ಹರಿಪ್ರಿಯಾ: ಅದು ನಿಜ.

ಯತಿರಾಜ್: ನಿಜಾನೇ. ಕೀಲು ಹಿಡಿದವನಿಗೆ ಅದರಿಂದೇನು? ‘ಭಾವಗೀತೆ ಸ್ಪರ್ಧೆಯಲ್ಲಿ ದ್ವಿತೀಯ ಬಹುಮಾನ.’

ಹರಿಪ್ರಿಯಾ: ಪೇಜ್ ತುಂಬಬೇಕಿತ್ತು ಅಣ್ಣ.

ಹಿಂದಿನ ಉಗ್ರಾಣದಿಂದ ಯತಿರಾಜನ ಹೆಂಡತಿ ಶ್ರೀಲಕ್ಷ್ಮಿ ಇಪ್ಪತ್ತು ಕೆಜಿಯ ಸೋನಾ ಮಸೂರಿ ಮೂಟೆಯನ್ನು ಹೆಗಲ ಮೇಲೆ ಹೊತ್ತು ಬಂದಳು.

ಯತಿರಾಜ್: ನಿಧಾನ ಲಕ್ಷ್ಮೀ. ನಾನೇ ಎತ್ತುತ್ತಿದ್ದೆ, ಈ ಬೆನ್ನು ಬಿಡಬೇಕಲ್ಲ.

ಶ್ರೀಲಕ್ಷ್ಮಿ: ಯುಗಾದೀಲಿ ಹಿಡಿದಿದ್ದು, ದಸರಾ ಬಂತು. ನೀವು ಬಿಟ್ರೂ ಅದು ಬಿಡಲ್ಲ ಬಿಡಿ.

ಯತಿರಾಜ್ ಅದು ತನಗಲ್ಲವೆಂಬಂತೆ ಹರಿಪ್ರಿಯಾಳ ಕಡೆ ತಿರುಗಿದ.

ಯತಿರಾಜ್: ಜಾತಕ ಸಾಕು ಡಾಕ್ಟ್ರಮ್ಮ. ಈ ಕೆಲಸ ನಿಮಗೆ ಯಾಕೆ ಬೇಕು?

ಹರಿಪ್ರಿಯಾ: ಮನುಷ್ಯನನ್ನ ಸಮಗ್ರವಾಗಿ ನೋಡೋಕೆ.

ಯತಿರಾಜ್: ಇದು ಪ್ಯಾಕೆಟ್ ಮೇಲೆ ಬರೆದಿರೋದು. ಒಳಗೇನಿದೆ?

ಹರಿಪ್ರಿಯಾ: ರೋಗಿಗಳ ಸೇವೆ.

ಯತಿರಾಜ್: ಇದು ಎಲ್ಲಾ ಕಂಪನಿಯವರ ಪ್ಯಾಕೆಟ್ ಮೇಲೂ ಇರುತ್ತೆ.

ಹರಿಪ್ರಿಯಾಳ ತಾಳ್ಮೆ ಕೆಟ್ಟಿತು.

ಹರಿಪ್ರಿಯಾ: ನಾಲ್ಕು ವರ್ಷದಿಂದ ಕತ್ತಲೆ ರೂಮಲ್ಲಿ ಕೂತು ಸ್ಕ್ರೀನ್ ಮೇಲೆ ಬೆನ್ನು ನೋಡ್ತಾ ಇದೀನಿ. ಒಂದು ಬೆನ್ನಿಗೂ ಮುಖ ಇಲ್ಲ. ಹೋದ ತಿಂಗಳು ಊ-ಬಾನ್ ರೈಲು ಸ್ಟೇಷನ್‌ನಲ್ಲಿ ಒಬ್ಬ ಅಜ್ಜಿ ನನ್ನೆದುರಿಗೇ ಕುಸಿದ್ರು. ಎತ್ತೋಕೆ ಹೋದೆ, ಎಲ್ಲಿ ಹಿಡ್ಕೋಬೇಕು ಅಂತ ಕೈಗೆ ತಿಳೀಲಿಲ್ಲ. ನಾನು ಡಾಕ್ಟರು. ಬೇಕರಿ ಹುಡುಗಿ ಬಂದು ಎತ್ತಿ ಕೂರಿಸಿದ್ಲು. ಸಾಕಾ?

ಶ್ರೀಲಕ್ಷ್ಮಿ ಮೂಟೆಯನ್ನು ಗೋಡೆಗೆ ಒರಗಿಸಿ ಕೌಂಟರ್ ಹತ್ತಿರ ಬಂದಳು.

ಶ್ರೀಲಕ್ಷ್ಮಿ: ಅದನ್ನ ಬರೀರಿ.

ಹರಿಪ್ರಿಯಾ: ಇಂಥ ನಾಚಿಕೆ ವಿಷಯಾನ ಯಾರಾದ್ರೂ ಅರ್ಜೀಲಿ ಬರೀತಾರಾ ಅಕ್ಕ?

ಯತಿರಾಜ್: ಹಳೇ ಅಕ್ಕಿ ಒಳಗೆ ಬಚ್ಚಿಟ್ಟು ಹೊಸಾದು ತೋರಿಸ್ತಾ ಇದೀರಿ. ಬೆಲೆ ಯಾವುದಕ್ಕೆ ಅಂತ ಗೊತ್ತಿಲ್ವಾ?

ಅಪ್ಪನ ಕನಸು, ಪ್ರಥಮ ಸ್ಥಾನ, ಭಾವಗೀತೆ, ಮೂರಕ್ಕೂ ಸೇರಿಸಿ ಒಂದೇ ಗೀಟು ಬಿತ್ತು. ಹಾಳೆಯ ಹಿಂಬದಿಯಲ್ಲಿ ಅಜ್ಜಿ ಬಂದು ಕೂತಳು.

ಯತಿರಾಜ್: ಆಸೆ ಆಯ್ತು, ಈಗ ಯೋಗ್ಯತೆ. ನಾನು ಬಾಯಿ ಬಿಡಲ್ಲ. ನೋವು ಎಲ್ಲಿದೆ ಅಂತ ಕೈಯಲ್ಲೇ ಹುಡುಕಿ. ಸಿಗದೇ ಇದ್ರೆ ನಾಳೆ ಹೋಗೋದೇ ಬೇಡ, ಆ ಕತ್ತಲೆ ರೂಮೇ ಗತಿ.

ಅವನು ಸ್ಟೂಲಿನ ಮೇಲೆ ಬೆನ್ನು ತಿರುಗಿಸಿ ಕುಳಿತ. ಹರಿಪ್ರಿಯಾ ಕಣ್ಣು ಮುಚ್ಚಿ ಎರಡೂ ಕೈ ಇಟ್ಟಳು. ಕುತ್ತಿಗೆಯಿಂದ ಸೊಂಟದವರೆಗೆ ಇಳಿದಳು, ಮತ್ತೆ ಹತ್ತಿದಳು.

ಯತಿರಾಜ್: ಸಿಕ್ತಾ?

ಹರಿಪ್ರಿಯಾ: ಇರಿ. ಸ್ವಲ್ಪ ಬಗ್ಗಿ.

ಯತಿರಾಜ್: ಅಯ್ಯೋ ಅಮ್ಮಾ.

ಹರಿಪ್ರಿಯಾ: ಬಾಯಿ ಅಮ್ಮಾ ಅಂತು. ಬೆನ್ನು ಏನೂ ಅನ್ಲಿಲ್ಲ.

ಯತಿರಾಜ್: ಸರಿಯಾಗಿ ಮುಟ್ಟಿ ನೋಡಿ ಡಾಕ್ಟ್ರಮ್ಮ. ಆರು ತಿಂಗಳ ನೋವು.

ಮೂರನೇ ಸಲವೂ ಏನೂ ಸಿಗಲಿಲ್ಲ. ಹರಿಪ್ರಿಯಾಳ ಮುಖ ಸಣ್ಣದಾಯಿತು.

ಹರಿಪ್ರಿಯಾ: ಎಲ್ಲೂ ಬಿಗಿಯೇ ಇಲ್ಲ. ನನ್ನ ಕೈಯೇ ಇದಕ್ಕೆ ಲಾಯಕ್ಕಿಲ್ಲ ಅನ್ಸುತ್ತೆ ಅಕ್ಕ. ನಾಳೆ ಫೋನ್ ಮಾಡಿ ಬರಲ್ಲ ಅಂದ್ಬಿಡ್ತೀನಿ.

ಅರ್ಜಿ ಮಡಚಲು ಹೋದಾಗ ಪೆನ್ನು ಜಾರಿ ನೆಲಕ್ಕೆ ಬಿತ್ತು. ಯತಿರಾಜ್ ಸ್ಟೂಲಿನಿಂದ ಎದ್ದ, ಮಂಡಿ ಮಡಚದೆ ಪೂರ್ತಿ ಬಗ್ಗಿದ, ಪೆನ್ನೆತ್ತಿ ಕೊಟ್ಟ.

ಶ್ರೀಲಕ್ಷ್ಮಿ: ರೀ.

ಆಗ ಅವನ ಕೈ ಸೊಂಟಕ್ಕೆ ಹೋಯಿತು, ಊಟ ಮುಗಿದ ಮೇಲೆ ಎಲೆಗೆ ಉಪ್ಪು ಬಡಿಸಿದ ಹಾಗೆ.

ಯತಿರಾಜ್: ಅಂದ್ರೆ, ಬಂದು ಹೋಗೋ ನೋವು.

ಶ್ರೀಲಕ್ಷ್ಮಿ: ಅಕ್ಕಿ ಲಾರಿ ಬಂದಾಗ ಬರುತ್ತೆ, ಲಾರಿ ಜೊತೆ ಹೋಗುತ್ತೆ.

ಯತಿರಾಜ್: ಅದೇನೇ ಇರಲಿ, ಮಾತು ಮಾತೇ. ನೋವು ಹುಡುಕಲಿಲ್ಲ, ಡಾಕ್ಟ್ರಮ್ಮ ಫೇಲು.

ಶ್ರೀಲಕ್ಷ್ಮಿ: ಇಷ್ಟು ನರಳಿದ್ರೂ ಇಲ್ಲದ್ದನ್ನ ಇದೆ ಅನ್ಲಿಲ್ಲ. ಫಸ್ಟ್ ಕ್ಲಾಸಲ್ಲಿ ಪಾಸು.

ಹರಿಪ್ರಿಯಾ ಮೊದಲ ಸಲ ನಕ್ಕಳು. ಮರುಗಳಿಗೆಯೇ ನಗು ನಿಂತಿತು.

ಹರಿಪ್ರಿಯಾ: ಆದ್ರೆ ನಾಳೆ ಹತ್ತು ಗಂಟೆಗೆ ನನಗೆ ನೋವಿರೋರೇ ಬೇಕಲ್ಲ ಅಕ್ಕ, ಎಲ್ಲಿಂದ ಕರ್ಕೊಂಡು...

ಮಾತಿನ ಮಧ್ಯೆ ಶ್ರೀಲಕ್ಷ್ಮಿಯ ಹೆಗಲ ಮೇಲೆ ಕೈ ಇಟ್ಟವಳು ಅಲ್ಲೇ ತಡೆದಳು. ಬೆರಳುಗಳು ಒಂದು ಕಡೆ ನಿಂತವು. ಈ ಸಲ ಕಣ್ಣು ಮುಚ್ಚುವ ಅಗತ್ಯ ಬೀಳಲಿಲ್ಲ.

ಹರಿಪ್ರಿಯಾ: ಅಕ್ಕ, ಬಲಗಡೆ ಈ ಗಂಟು ಯಾವಾಗಿಂದ?

ಶ್ರೀಲಕ್ಷ್ಮಿ: ಯುಗಾದಿಯಿಂದ. ನಾಳೆ ನಾನೇ ಬರ್ತೀನಿ ಬಿಡಿ.

ಯತಿರಾಜ್ ಹಪ್ಪಳದ ಕಟ್ಟುಗಳನ್ನು ಜೋಡಿಸತೊಡಗಿದ. ಅವು ಆಗಲೇ ಜೋಡಿಸಿಯೇ ಇದ್ದವು.

ಯತಿರಾಜ್: ಹೋಗ್ಬಾ ಲಕ್ಷ್ಮೀ, ಬೇಡ ಅಂದವರು ಯಾರು. ಆದ್ರೆ ನಾಳೆ ಡ್ಯೂಸೆಲ್ಡಾರ್ಫ್‌ನಿಂದ ಅಕ್ಕಿ ಲಾರಿ ಬರುತ್ತಲ್ಲ. ನಲವತ್ತು ಮೂಟೆ.

ಶ್ರೀಲಕ್ಷ್ಮಿ: ಲಾರಿ ಎಂಟಕ್ಕೆ, ಸಂದರ್ಶನ ಹತ್ತಕ್ಕೆ. ಡಾಕ್ಟ್ರೇ, ನೀವು ಎಂಟಕ್ಕೇ ಬಂದ್ಬಿಡಿ. ಕಾಫಿ ಕುಡೀತಾ ಇವರು ಇಳಿಸೋದನ್ನ ನೋಡ್ಕೊಂಡೇ ಹೋಗೋಣ.