ಗಾಲಿ ಮೇಲಿನ ಗೃಹಪ್ರವೇಶ

"ಅಣ್ಣೋ, ಸಂಜೀಕೆ ಧರ್ಮಸ್ಥಳಕ್ಕೆ ಹೊಂಟಿವ್ನಿ. ವ್ಯಾನಲ್ಲಿ ಜಾಗ ಅದೆ, ಅತ್ಗೇನ ಕಳ್ಸು. ನೀನು ಬೇಕಾದ್ರೆ ನಿನ್ ಗೊಬ್ಬರದ ಟ್ರೈಲರ್ ಏರ್ಕಂಡು ಹಿಂದ್ಗಡೆ ಬಾ. ವಾಸ್ನೆ ಮೇಲೇ ಬಂದೆ ಅಂತ ತಿಳ್ಕತೀವಿ!"

ಅಕ್ಕಿಹೆಬ್ಬಾಳಿನ ಹಾಲಿನ ಡೈರಿ ಮುಂದೆ ಕ್ಯಾನು ಹಿಡಿದು ನಿಂತಿದ್ದ ಅಷ್ಟೂ ಜನ ಹಲ್ಲು ಬಿಟ್ಟರು. ಹೇಳಿದವನು ದಿಲೀಪ, ತಿಮ್ಮರಾಜುವಿನ ಷಡ್ಡಕ, ನಾದಿನಿಯ ಗಂಡ. ಅವನು ಸೆಕೆಂಡ್‌ಹ್ಯಾಂಡ್ ಮಾರುತಿ ವ್ಯಾನು ತಂದ ದಿನದಿಂದ ತಿಮ್ಮರಾಜುವಿಗೆ ಉಂಡ ಮುದ್ದೆ ಎದೆಯಿಂದ ಕೆಳಗಿಳಿದಿರಲಿಲ್ಲ. ಅದರ ಹಾರನ್ನು ಕೇಳಿದರೆ ಸಾಕು, ಒಗ್ಗರಣೆಗೆ ಬಿದ್ದ ಸಾಸಿವೆಯಂತೆ ಸಿಡಿಯುತ್ತಿದ್ದ. ಅದೇ ಹಾರನ್ನಿಗೆ ಹೆಂಡತಿ ರಂಜಿತ ಬಾಗಿಲಿಗೆ ಓಡಿ ಬರುವುದನ್ನು ಕಂಡರಂತೂ ಮುಗಿದೇಹೋಯಿತು.

"ನಿನ್ ಡಬ್ಬಿ ಯಾರಿಗ್ಲಾ ಬೇಕು? ನಾನೂ ಸಂಜೀಕೇ ಹೊಂಟಿವ್ನಿ. ಟ್ರೈಲರ್ ಮೇಲೆ ಮನೇನೇ ಕಟ್ಕಂಡು ಹೋಯ್ತೀನಿ. ನನ್ನೆಂಡ್ರು ಕಾಲು ನೀಡ್ಕಂಡು ಮಲೀಕಂಡು ಬತ್ತಾಳೆ ಕಣ್ಲಾ!"

ಬಾಯಿಂದ ಬಿದ್ದ ಮಾತು ಬಿದ್ದೇಹೋಯಿತು. ಅವನು ಹಿಂದೊಮ್ಮೆ ಶ್ರೀರಂಗಪಟ್ಟಣದ ಹೊಳೆದಂಡೆಯಲ್ಲಿ ಫಾರಿನ್ನಿನವರ ಗಾಡಿಮನೆ ನೋಡಿದ್ದ. ಒಳಗೇ ಹಾಸಿಗೆ, ಒಲೆ, ಕಿಟಕಿಗೆ ಪರದೆ. ಬಾಯಿ ಬಿಟ್ಟುಕೊಂಡು ನೋಡುತ್ತ ನಿಂತು ಬಸ್ಸು ತಪ್ಪಿಸಿಕೊಂಡಿದ್ದ.

ಮನೆಗೆ ಬಂದವನೇ ಕೊಟ್ಟಿಗೆ ಹತ್ತಿ ಜಿಂಕ್ ಶೀಟು ಕೀಳತೊಡಗಿದ.

"ಎಮ್ಮೆ ಸೂರು ಕಿತ್ತು ನನಗ್ ಸೂರು ಮಾಡ್ತೀರಾ?" ಎಂದಳು ರಂಜಿತ.

"ಸುಮ್ಕಿರು. ಸಂಜೀಕೆ ನೀನೇ ಬೆರಗಾಗ್ತೀಯ."

"ಸಂಜೀಕೆ ಇದು ಹೊರಟ್ರೆ ಇದ್ರಲ್ಲಿ ಬತ್ತೀನಿ. ಹೊರಡ್ದಿದ್ರೆ ವ್ಯಾನ್ ಹತ್ತೋಯ್ತೀನಿ. ಧರ್ಮಸ್ಥಳದ ಹರಕೆ ಮಾತ್ರ ನಿಲ್ಸಾಕಿಲ್ಲ."

ತಿಮ್ಮರಾಜು ಹಲ್ಲು ಕಚ್ಚಿ ಶೀಟು ಎಳೆದ. ಬಡಗಿ ಜವರಯ್ಯ ಬಂದು ಟ್ರೈಲರಿಗೆ ಕಂಬ ನಿಲ್ಲಿಸಿ ಶೀಟು ಹೊದಿಸಿದ. ಹಿತ್ತಲಲ್ಲಿ ಬಿದ್ದಿದ್ದ ಹಳೇ ಬಾಗಿಲನ್ನು ಹೊಸ್ತಿಲ ಸಮೇತ ಹಿಂಬದಿಗೆ ಕೂರಿಸಿದ. ಅಷ್ಟರಲ್ಲಿ ಬೆಲ್ಲಕ್ಕೆ ಇರುವೆ ಮುತ್ತಿದ ಹಾಗೆ ಊರು ಮುತ್ತಿತ್ತು.

"ಬಾಗ್ಲು ಮೂಡ್ಲಕ್ಕಿರ್ಬೇಕು" ಎಂದ ಒಬ್ಬ.

"ತಿರುಗಾಡೋ ಮನೆಗೆ ಮೂಡ್ಲು ಯಾವ್ದಣ್ಣ?" ಎಂದ ಜವರಯ್ಯ. "ಧರ್ಮಸ್ಥಳ ಪಡುವಲಕ್ಕದೆ, ಬಾಗ್ಲು ಹಿಂದ್ಗಡೆ ಅದೆ. ಹೋಗೋವಾಗ ಸರಿಯಾಗೇ ಇರ್ತದೆ."

"ಬರೋವಾಗ?"

"ರಿವರ್ಸಲ್ಲಿ ಬರಲಿ ಬುಡು!"

ನಗು ಅಡಗುವ ಮೊದಲೇ ಪಕ್ಕದ ಮನೆಯ ಮುದುಕಿ ದೊಡ್ಡತಾಯಮ್ಮ ಕೋಲೂರಿಕೊಂಡು ಬಂದಳು. "ಹೊಸ್ಲು ಮಡುಗ್ದ ಮೇಲೆ ಅದು ಮನೆ ಕಣ್ಲಾ. ಹಾಲುಕ್ಕಿಸ್ದೆ, ಹಸ ಕರ ನುಗ್ಗಿಸ್ದೆ ಅದ್ರಲ್ಲಿ ಮಲಗುದ್ರೆ ಏಳ್ಗೆ ಆದದಾ?"

ರಂಜಿತ ಟ್ರೈಲರಿನ ಮೆಟ್ಟಿಲ ಮೇಲಿಟ್ಟ ಕಾಲನ್ನು ಹಿಂದಕ್ಕೆ ತೆಗೆದಳು.

"ನಮ್ಮಲ್ಲಿರೋವು ಎಮ್ಮೆ. ನಡೀತದಾ ಅಜ್ಜಿ?" ಎಂದ ತಿಮ್ಮರಾಜು.

"ಯಮ ಬಂದು ಕುಂತ್ಕಳಕ್ಕೇನ್ಲಾ?"

ಊರ ಹಸುಗಳೆಲ್ಲ ಮೇಯಲು ಹೋಗಿದ್ದವು. ಊರಲ್ಲಿ ಉಳಿದದ್ದು ಒಂದೇ, ಷಡ್ಡಕನ ತುಂಬುಗಬ್ಬದ ಹಸು. "ಕರ ಹೊಟ್ಟೇಲೇ ಅದಲ್ಲ, ಎಲ್ಡೂ ಒಟ್ಗೇ ಹತ್ತುತವೆ" ಎಂದು ಅಜ್ಜಿ ಅಪ್ಪಣೆ ಕೊಟ್ಟಳು.

ತಿಮ್ಮರಾಜು ದಿಲೀಪನ ಬಾಗಿಲಲ್ಲಿ ನಿಂತು ನೆಲ ನೋಡಿಕೊಂಡು ಹಸು ಕೇಳಿದ. "ಹಿಡ್ಕಂಡೋಗಣ್ಣ, ನಂದೇನು ನಿಂದೇನು" ಎಂದುಬಿಟ್ಟ ದಿಲೀಪ. ಬೈದಿದ್ದರೆ ಇಷ್ಟು ಉರಿಯುತ್ತಿರಲಿಲ್ಲ.

ಹಲಗೆ ಒರಗಿಸಿದರು. ಮುಂದಿನಿಂದ ಎಳೆದರು, ಹಿಂದಿನಿಂದ ನೂಕಿದರು. ಹಾಲು ಉಕ್ಕುವುದಕ್ಕೂ ಹಸು ಹೊಸ್ತಿಲು ದಾಟುವುದಕ್ಕೂ ಸರಿಹೋಯಿತು. ಜನ ಹೋ ಎಂದರು. ಹಸು ಮನೆಯನ್ನೊಮ್ಮೆ ಸುತ್ತ ನೋಡಿತು. ರಂಜಿತಳಿಗೆಂದು ಹಾಸಿದ್ದ ಹೊಸ ಹಾಸಿಗೆಯನ್ನು ಮೂಸಿತು. ಅದರ ಮೇಲೆ ನಿಧಾನವಾಗಿ ಮಲಗಿಬಿಟ್ಟಿತು.

"ಏಯ್, ಎಬ್ಸ್ರೋ ಅದ್ನ!"

ದೊಡ್ಡತಾಯಮ್ಮ ಬಗ್ಗಿ ಬಾಲದ ಕಡೆ ನೋಡಿದಳು. ಬಾಗಿಲು ಎಳೆದುಕೊಂಡಳು. "ಯಾರೂ ಮುಟ್ಬ್ಯಾಡಿ. ನೋವು ತಿಂತಾವ್ಳೆ."

ಹೊತ್ತು ಇಳಿಯುವಷ್ಟರಲ್ಲಿ ಹಾಸಿಗೆಯ ಮೇಲೆ ಹೆಣ್ಣುಗರು. ಊರೇ ಕೈ ಮುಗಿಯಿತು. "ಹೊಸ ಮನೇಲಿ ಲಕ್ಷ್ಮಿ ಹುಟ್ಟವ್ಳೆ! ಗಿಣ್ಣು ಹಾಲು ಮುಗಿಯೋಗಂಟ ಈ ಮನೆ ಅಲ್ಲಾಡ್ಸಂಗಿಲ್ಲ" ಎಂದಳು ಅಜ್ಜಿ. ಭಕ್ತಿ ಹೆಚ್ಚಾದ ಯಾರೋ ಆಗಲೇ ಟ್ರೈಲರಿನ ಪಿನ್ನು ಕಿತ್ತು ಟ್ರಾಕ್ಟರನ್ನು ಬೇರೆ ಮಾಡಿದ್ದರು.

"ಅದು ನನ್ನ ಮನೆ ಕಣಜ್ಜಿ!" ತಿಮ್ಮರಾಜು ಕೂಗಿದ.

"ಅದಕ್ಕೇ ಬಾಣಂತನ ನಿಂದು."

ಹಾರನ್ನು ಕೇಳಿಸಿತು. ರಂಜಿತ ಬ್ಯಾಗು ಹಿಡಿದು ಹೊರಬಂದಳು.

"ಬಿಸ್ನೀರು ಕಾಯ್ಸಿಟ್ಟಿವ್ನಿ" ಎಂದಳು.

"ನಂಗಾ?"

"ಹಸೂಗೆ."

ಅವಳು ವ್ಯಾನಿನಲ್ಲಿ ತಂಗಿಯ ಪಕ್ಕ ಕೂತಳು. ದಿಲೀಪ ಕಿಟಕಿಯಿಂದ ತಲೆ ಹಾಕಿದ.

"ಅಣ್ಣೋ, ಶೀಟು ಬಿಸ್ಲಿಗೆ ಕಾಯ್ತದೆ, ಬಾಣಂತಿಗೆ ಸೆಕೆ ಆಯ್ತದೆ. ನಾವ್ ಬರೋ ಹೊತ್ಗೆ ಆ ಕಡೆ ಒಂದು ಕಿಟಕಿ ಮಡುಗ್ಸಿರು!"

ಊರೆಲ್ಲ ತಿಮ್ಮರಾಜುವಿನ ಬಾಯಿ ನೋಡಿತು. ಅವನು ಬಾಯಿ ತೆರೆದ. ಒಳಗಿನಿಂದ ಹಸು ಅಂಬಾ ಎಂದಿತು. ತೆರೆದ ಬಾಯಿ ಮುಚ್ಚಿ, ಪಂಚೆ ಎತ್ತಿ ಕಟ್ಟಿ, ಯಾರ ಮುಖವನ್ನೂ ನೋಡದೆ ಅವನು ಹುಲ್ಲಿನ ಮೆದೆಯ ಕಡೆ ನಡೆದುಬಿಟ್ಟ.