ಡಾಸ್ ಲ್ಯಾಪ್‌ಟಾಪಿಗೆ ಪೆನ್ ಡ್ರೈವ್ ಪರಿಚಯ ಮಾಡಿಸಿದ್ದು

ಹಳೆಯ ವಸ್ತುಗಳನ್ನು ಎಸೆಯಲಾರದವರಲ್ಲಿ ಎರಡು ಬಗೆ. ಮುಂದೆ ಯಾವತ್ತಾದರೂ ಉಪಯೋಗಕ್ಕೆ ಬಂದೀತು ಎಂದು ಇಟ್ಟುಕೊಳ್ಳುವವರು ಒಂದು ಬಗೆ. ಬರುವುದಿಲ್ಲ ಎಂದು ಚೆನ್ನಾಗಿ ಗೊತ್ತಿದ್ದೂ ಇಟ್ಟುಕೊಳ್ಳುವವರು ಇನ್ನೊಂದು. ನಾನು ಎರಡನೆಯ ಪಂಗಡದವನು. ದೆಹಲಿಯ ಲೋಧಿ ಕಾಲೋನಿಯ ನಮ್ಮ ಸರ್ಕಾರಿ ಕ್ವಾರ್ಟರ್ಸಿನಲ್ಲಿ ಚಳಿಗಾಲ ಬಂತೆಂದರೆ ಕೂಲರ್ ಎತ್ತಿಡಲು ಜಾಗವಿಲ್ಲ. ನನ್ನ ಹಳೆಯ ಲ್ಯಾಪ್‌ಟಾಪಿಗೆ ಮಾತ್ರ ಕಿಟಕಿಯ ಪಕ್ಕ ಒಂದು ಮೇಜೇ ಇದೆ. ಅದನ್ನು ತೊಡೆಯ ಮೇಲಿಟ್ಟುಕೊಂಡರೆ ಕಾಲು ಜೋಮು ಹಿಡಿಯುತ್ತದೆ. ಅದರೊಳಗಿರುವುದು ವಿಂಡೋಸಿಗೂ ಹಿಂದಿನ ಕಾಲದ ಡಾಸ್. ಕಪ್ಪು ಪರದೆ, ಬಿಳಿ ಅಕ್ಷರ, ಮೌಸ್ ಇಲ್ಲ, ಬಣ್ಣಬಣ್ಣದ ಚಿತ್ರಗಳಿಲ್ಲ. ಏನು ಬೇಕೆಂದು ಟೈಪ್ ಮಾಡಿ ಹೇಳಿದರೆ ಮಾಡುತ್ತದೆ, ತಪ್ಪಾಗಿ ಹೇಳಿದರೆ ಮುಖಕ್ಕೆ ಹೊಡೆದ ಹಾಗೆ ತಪ್ಪು ಎನ್ನುತ್ತದೆ. ಸಚಿವಾಲಯದಲ್ಲಿ ದಿನವಿಡೀ ಸುತ್ತಿಬಳಸಿ ಟಿಪ್ಪಣಿ ಬರೆಯುವ ನನಗೆ, ಇಂಥ ನೇರ ಮಾತಿನವರು ಮನೆಯಲ್ಲಿ ಒಬ್ಬರಿರಲಿ ಎನ್ನಿಸುತ್ತದೆ. ಒಬ್ಬರು ಆಗಲೇ ಇದ್ದಾರೆ ಎನ್ನುವುದು ಬೇರೆ ಮಾತು.

ಆ ಒಬ್ಬರ ಹೆಸರು ಶಾರದಾ. ದೀಪಾವಳಿಗೆ ಮುಂಚೆ ದೆಹಲಿಯ ಮನೆಮನೆಯಲ್ಲೂ ನಡೆಯುವ ಸಫಾಯಿ ನಮ್ಮ ಮನೆಗೂ ಅಂಟಿಕೊಂಡು ಬಹಳ ಕಾಲವಾಯಿತು. ಈ ಸಲ ಪೊರಕೆ ಕಿಟಕಿಯ ಪಕ್ಕದ ಮೇಜಿನ ಹತ್ತಿರ ಬಂದು ನಿಂತಿತು. "ರೀ, ಭಾನುವಾರ ಹಳೇ ಸಾಮಾನು ಕೊಳ್ಳೋ ಕಬಾಡಿ ಭಯ್ಯಾ ಬರ್ತಾನೆ. ಇದನ್ನ ಕೊಟ್ಟುಬಿಡೋಣ," ಎಂದಳು. ಮದುವೆಯಾದ ಹೊಸದರಲ್ಲಿ ನಾನು ಕನ್ನಡದಲ್ಲಿ ಬರೆದ ಪ್ರಬಂಧಗಳೆಲ್ಲ ಅದರಲ್ಲೇ ಇವೆ. ಪ್ರಿಂಟರ್ ಎಂದೋ ತೀರಿಕೊಂಡಿದ್ದರಿಂದ ಅವು ಕಾಗದದ ಮುಖ ಕಂಡಿಲ್ಲ. "ಅದರಲ್ಲಿ ನನ್ನ ಸಾಹಿತ್ಯ ಇದೆ ಶಾರದಾ," ಎಂದೆ, ಆದಷ್ಟು ಗಂಭೀರವಾಗಿ. "ಇದ್ರೆ ಪೆನ್ ಡ್ರೈವ್‌ಗೆ ಹಾಕ್ಕೊಳ್ಳಿ. ಭಾನುವಾರದೊಳಗೆ ಆಗದೇ ಹೋದ್ರೆ ಸಾಹಿತ್ಯದ ಸಮೇತ ಕಳಿಸ್ತೀನಿ," ಎಂದು ಅವಳು ಕಿಟಕಿಯ ಪರದೆ ಒಗೆಯಲು ಹೋದಳು.

ಲ್ಯಾಪ್‌ಟಾಪಿನ ಪಕ್ಕದಲ್ಲಿ ಪೆನ್ ಡ್ರೈವ್ ಚುಚ್ಚುವ ಕಿಂಡಿಯೇನೋ ಇದೆ. ಚುಚ್ಚಿದೆ. ಡಾಸ್ ಕಣ್ಣೆತ್ತಿಯೂ ನೋಡಲಿಲ್ಲ. ಕಾಲೇಜಿನಿಂದ ಬಂದ ಮಗಳು ಅಪೂರ್ವ ಇಂಟರ್‌ನೆಟ್ಟಿನಲ್ಲಿ ಹುಡುಕಿ, ದೆಹಲಿಯಲ್ಲೇ ಬೆಳೆದ ತನ್ನ ಕನ್ನಡದಲ್ಲಿ ತೀರ್ಪು ಕೊಟ್ಟಳು: "ಅಪ್ಪಾ, ಡಾಸ್‌ಗೆ ಪೆನ್ ಡ್ರೈವ್ ಅಂದ್ರೆ ಏನೂಂತ್ಲೇ ಪತಾ ನಹೀ. ಪೆಹಲೇ ಡ್ರೈವರ್ ಹಾಕ್ಬೇಕು, ತಬ್ ಕಾಣ್ಸತ್ತೆ." ಡ್ರೈವರ್ ಎಂದರೆ ಇಬ್ಬರಿಗೂ ಪರಿಚಯ ಮಾಡಿಸಿಕೊಡುವ ಸಣ್ಣ ಪ್ರೋಗ್ರಾಂ. ಅದು ಅವಳ ಕಂಪ್ಯೂಟರಿಗೆ ಕ್ಷಣದಲ್ಲಿ ಇಳಿಯಿತು. ಅಲ್ಲಿಂದ ನನ್ನದಕ್ಕೆ ದಾಟಿಸುವುದು ಹೇಗೆ? "ಪೆನ್ ಡ್ರೈವ್‌ನಲ್ಲಿ," ಎಂದವಳು ತಾನೇ ನಾಲಗೆ ಕಚ್ಚಿಕೊಂಡಳು. ಪೆನ್ ಡ್ರೈವ್ ನಡೆಯಬೇಕಾದರೆ ಡ್ರೈವರ್ ಬೇಕು, ಡ್ರೈವರ್ ಬರಬೇಕಾದರೆ ಪೆನ್ ಡ್ರೈವ್ ನಡೆಯಬೇಕು. ವಿಳಾಸದ ಪುರಾವೆಗೆ ಗುರುತಿನ ಚೀಟಿ ತನ್ನಿ, ಗುರುತಿನ ಚೀಟಿಗೆ ವಿಳಾಸದ ಪುರಾವೆ ತನ್ನಿ ಎಂದು ಎಷ್ಟು ಜನರನ್ನು ನಾನೇ ನನ್ನ ಮೇಜಿನಿಂದ ವಾಪಸು ಕಳಿಸಿದ್ದೇನೋ! ಅವರೆಲ್ಲರ ಮುಖಗಳು ಆ ಕಪ್ಪು ಪರದೆಯ ಮೇಲೆ ಕಂಡಂತಾಯಿತು.

ಉಳಿದಿದ್ದು ಪೆನ್ ಡ್ರೈವಿಗೂ ಮುಂಚಿನ ಚೌಕ ಡಿಸ್ಕು, ಫ್ಲಾಪಿಯ ದಾರಿ; ಅದರ ಕಿಂಡಿ ಲ್ಯಾಪ್‌ಟಾಪಿನಲ್ಲಿದೆ. ಶನಿವಾರ ಬೆಳಿಗ್ಗೆ ಕಂಪ್ಯೂಟರ್ ಅಂಗಡಿಗಳ ನೆಹರೂ ಪ್ಲೇಸಿಗೆ ಹೋಗಿ ಅಂಗಡಿ ಅಂಗಡಿ ಅಲೆದೆ. "ಫ್ಲಾಪಿ? ಅಂಕಲ್‌ಜೀ, ಅಭೀ ತಕ್ ಜಿಂದಾ ಹೈ?" ಎಂದ ಒಬ್ಬ. ಇನ್ನೂ ಜೀವಂತವೇ ಎಂದು ಅವನು ಕೇಳಿದ್ದು ಫ್ಲಾಪಿಯನ್ನೋ ನನ್ನನ್ನೋ ತಿಳಿಯಲಿಲ್ಲ. ಕೊನೆಗೆ ಮೆಟ್ಟಿಲ ಕೆಳಗಿನ ಒಂದು ಅಂಗಡಿಯಲ್ಲಿ ಧೂಳು ಹಿಡಿದ ಫ್ಲಾಪಿಗಳೂ, ಮಗಳ ಕಂಪ್ಯೂಟರಿಗೆ ಸಿಕ್ಕಿಸಬಹುದಾದ ಫ್ಲಾಪಿ ಡ್ರೈವೂ ಸಿಕ್ಕವು. ಫ್ಲಾಪಿಯ ಬೆನ್ನೇರಿ ಡ್ರೈವರ್ ಡಾಸ್ ಪ್ರವೇಶಿಸಿತು. ಜಾಣ ಓದುಗರು ಇಲ್ಲಿ ಒಂದು ಪ್ರಶ್ನೆ ಕೇಳಬಹುದು: ಡ್ರೈವರ್ ಒಳಗೆ ಹೋದ ಫ್ಲಾಪಿಯಲ್ಲೇ ಸಾಹಿತ್ಯ ಹೊರಗೆ ಬರಬಹುದಿತ್ತಲ್ಲ? ಬರಬಹುದಿತ್ತು. ಅದು ನನಗೆ ಹೊಳೆದದ್ದು ಎಲ್ಲ ಮುಗಿದ ಮೇಲೆ. ಆ ಹೊತ್ತಿಗೆ ನನಗೆ ಬೇಕಾಗಿದ್ದದ್ದು ಸಾಹಿತ್ಯವಲ್ಲ, ಪೆನ್ ಡ್ರೈವ್ ನಡೆಯುವುದು. ಕಡತ ಯಾಕೆ ಶುರುವಾಯಿತೆಂಬುದನ್ನು ಮರೆತು ಕಡತವನ್ನು ಮುಂದೆ ಸಾಗಿಸುವುದರಲ್ಲಿ ನನಗಿರುವ ಅನುಭವ ಸಾಮಾನ್ಯದ್ದಲ್ಲ.

ಯಂತ್ರ ಎದ್ದೇಳುವಾಗ ಓದಿಕೊಳ್ಳುವ ಕಡತದಲ್ಲಿ ಡ್ರೈವರಿನ ಹೆಸರು ಸೇರಿಸಿ, ಆರಿಸಿ, ಮತ್ತೆ ಹಚ್ಚಿದೆ. ಯಾವ ಸಾಧನವೂ ಸಿಗಲಿಲ್ಲ ಎಂದಿತು. ಸಾಲನ್ನು ಹಿಂದೆ ಮುಂದೆ ಮಾಡಿದೆ, ಪೆನ್ ಡ್ರೈವ್ ತಿರುಗಿಸಿದೆ, ಉಫ್ ಎಂದು ಊದಿದೆ. ಅದೇ ಉತ್ತರ. ಆಗ ಶಾರದಾ ಟಾರ್ಚ್ ತಂದು ಕಿಂಡಿಗೆ ಬೆಳಕು ಬಿಟ್ಟು, "ಒಳಗೇನೋ ಕೆಂಪಗಿದೆ," ಎಂದಳು. ನೋಡಿದರೆ ಕುಂಕುಮ. ಪ್ರತಿ ವರ್ಷ ಆಯುಧಪೂಜೆಗೆ ಸ್ಕೂಟರು, ಮಿಕ್ಸಿ, ಈಳಿಗೆಮಣೆಗಳ ಜೊತೆಗೆ ಲ್ಯಾಪ್‌ಟಾಪಿಗೂ ಪೂಜೆ ಮಾಡುವವನು ನಾನೇ. ಮುಚ್ಚಳಕ್ಕೆ ಹಚ್ಚಿದರೆ ಕಲೆಯಾಗುತ್ತದೆಂದು, ಯಾವ ಕೆಲಸಕ್ಕೂ ಬಾರದ ಆ ಪುಟ್ಟ ಗೂಡಿಗೆ ಗಂಧ, ಅರಿಶಿನ, ಕುಂಕುಮ ಶ್ರದ್ಧೆಯಿಂದ ತುಂಬುತ್ತಾ ಬಂದಿದ್ದೆ. ಮೊನ್ನೆಯ ದಸರಾದ್ದು ಇನ್ನೂ ಹಸಿಯಾಗಿಯೇ ಇದ್ದಂತಿತ್ತು. ಊದುಬತ್ತಿಯ ಕಡ್ಡಿಯಿಂದ ಕೆರೆದು, ಅಪೂರ್ವಳ ಚಿತ್ರಕಲೆಯ ಕುಂಚದಿಂದ ಗುಡಿಸಿದೆ. ಮೇಜಿನ ಮೇಲೆ ಒಬ್ಬ ಮುತ್ತೈದೆಗೆ ಸಾಕಾಗುವಷ್ಟು ಅರಿಶಿನ ಕುಂಕುಮ ಬಿತ್ತು.

ಮಗಳ ದೊಡ್ಡ ಪೆನ್ ಡ್ರೈವನ್ನು ಡಾಸ್ ಆಮೇಲೂ ಒಪ್ಪಲಿಲ್ಲ. ಅಷ್ಟು ಜಾಗ ಅದರ ಎಣಿಕೆಗೆ ನಿಲುಕುವುದಿಲ್ಲವಂತೆ. ಯಾವುದೋ ವಿಚಾರ ಸಂಕಿರಣದಲ್ಲಿ ಕೊಟ್ಟಿದ್ದ, ಡ್ರಾಯರಿನ ಮೂಲೆಯಲ್ಲಿದ್ದ ಹಳೆಯ ಪುಟ್ಟ ಪೆನ್ ಡ್ರೈವ್ ಚುಚ್ಚಿ ಹಚ್ಚಿದಾಗ, ಪರದೆಯ ಮೇಲೆ ಅದರ ಹೆಸರು ಮೂಡಿತು. ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ಬಡ್ತಿಯ ಆದೇಶ ಬಂದ ದಿನವೂ ನನಗೆ ಅಷ್ಟು ಖುಷಿಯಾಗಿರಲಿಲ್ಲ. ಪ್ರಬಂಧಗಳೆಲ್ಲ ಒಂದೊಂದಾಗಿ ಆಚೆ ಹೋದವು. "ಆಯ್ತಲ್ಲ, ಒಳ್ಳೇದಾಯ್ತು," ಎಂದು ಶಾರದಾ ಮನಸಾರೆ ಮೆಚ್ಚಿದಳು. "ಇನ್ನು ನಾಳೆ ಕಬಾಡಿ ಭಯ್ಯಾಗೆ ಕೊಡಬಹುದು."

ಲ್ಯಾಪ್‌ಟಾಪ್ ಉಳಿಸಿಕೊಳ್ಳಲು ನನಗಿದ್ದದ್ದು ಒಂದೇ ನೆಪ. ಅದನ್ನು ನಾನೇ ಕೈಯಾರೆ ಪೆನ್ ಡ್ರೈವಿಗೆ ತುಂಬಿ ಕೊಟ್ಟಿದ್ದೆ.

ಕಾಪಾಡಿದವಳು ಅಪೂರ್ವ. ತನ್ನ ಕಂಪ್ಯೂಟರಿನಲ್ಲಿ ಫೈಲ್ ತೆರೆದು, "ಅಪ್ಪಾ, ಯೇ ಕ್ಯಾ ಹೈ? ಕನ್ನಡಾನೇ ಇಲ್ಲ," ಎಂದಳು. ನಿಜ, ಚುಕ್ಕೆ, ಕೊಕ್ಕೆ, ಬಾಲಗಳ ಜಾತ್ರೆ. ಆ ಕಾಲದ ಕನ್ನಡ ತಂತ್ರಾಂಶದ ಅಕ್ಷರಗಳು ಆ ಲ್ಯಾಪ್‌ಟಾಪಿನಲ್ಲಿ ಮಾತ್ರ ಕನ್ನಡ. "ನೋಡು, ಇದಿಲ್ಲದೆ ನನ್ನ ಸಾಹಿತ್ಯ ಓದಕ್ಕೇ ಆಗಲ್ಲ," ಎಂದೆ ಶಾರದಾಳಿಗೆ. "ಅಂಥದ್ದೇನು ಬರೆದಿದ್ದೀರೋ ನಾನೂ ನೋಡ್ತೀನಿ. ಆಮೇಲೆ ಹೇಳ್ತೀನಿ," ಎಂದು ಅವಳು ಡಾಸ್ ಮುಂದೆ ಕೂತಳು.

ಮೊದಲು ತೆರೆದುಕೊಂಡದ್ದು ಅವಳ ತಾಯಿ, ನಮ್ಮತ್ತೆಯವರ ಮೇಲಿನ ಪ್ರಬಂಧ. ವಾರಕ್ಕೆಂದು ಮೈಸೂರಿನಿಂದ ಬಂದವರು ಇಡೀ ಚಳಿಗಾಲ ನಮ್ಮಲ್ಲೇ ಉಳಿದು, ನನ್ನ ಮಂಕಿಕ್ಯಾಪ್ ಹಾಕಿಕೊಂಡು, ತರಕಾರಿ ಭಯ್ಯಾನ ಜೊತೆ ಅಪ್ಪಟ ಕನ್ನಡದಲ್ಲಿ ಚೌಕಾಸಿ ಮಾಡಿ ಗೆದ್ದ ಕಥೆ. ಅವಳು ಪರದೆಗೆ ಮುಖ ಹತ್ತಿರ ತಂದು ಓದಿದಳು. ನಾನು ಬಾಗಿಲ ಕಡೆ ಸರಿದು ನಿಂತೆ. ಸ್ವಲ್ಪ ಹೊತ್ತಿಗೆ ಅವಳ ಭುಜ ಕುಲುಕತೊಡಗಿತು. ಕಣ್ಣೊರೆಸಿಕೊಂಡು ತಿರುಗಿದಳು. ನಗುತ್ತಿದ್ದಳು. ನಾನು ಬರೆದದ್ದಕ್ಕೆ ಯಾರಾದರೂ ಹಾಗೆ ನಕ್ಕದ್ದು ಅದೇ ಮೊದಲು; ನನಗೆ ತುಂಬಾ ಸಂತೋಷವಾಯಿತು.

"ಇದು ಅಮ್ಮನ ಕಿವಿಗೆ ಬಿದ್ರೆ ನಮ್ಮಿಬ್ಬರ ಕಥೆ ಮುಗೀತು," ಎಂದಳು. "ಕಬಾಡಿಯವನು ಯಾರಿಗೆ ಮಾರ್ತಾನೋ, ಕನ್ನಡದವರ ಕೈಗೇ ಸಿಕ್ಕಿದ್ರೆ? ಈ ಪೆಟ್ಟಿಗೆ ಮನೆ ಬಿಟ್ಟು ಹೋಗೋ ಹಾಗಿಲ್ಲ." ಪೆನ್ ಡ್ರೈವನ್ನೂ ಕಿತ್ತುಕೊಂಡು ಒಡವೆಯ ಬೀರುವಿನಲ್ಲಿಟ್ಟು ಬೀಗ ಹಾಕಿದಳು.

ಭಾನುವಾರ ಕಬಾಡಿ ಭಯ್ಯಾ ಬಂದು, ಹಳೆಯ ಪೇಪರು, ಒಂದು ಕಾಲಿಲ್ಲದ ಸ್ಟೂಲು ಹೊತ್ತುಕೊಂಡು ಹೋದ. ನಾನು ಗೆದ್ದವನ ಗತ್ತಿನಲ್ಲಿ ಚಹಾ ಹಿಡಿದು ಲ್ಯಾಪ್‌ಟಾಪಿನ ಮುಂದೆ ಕೂತಿದ್ದೆ. ಶಾರದಾ ಬಂದು ಬೆನ್ನ ಹಿಂದೆ ನಿಂತಳು. "ಚೆನ್ನಾಗಿ ಬರೀತೀರಿ ಕಣ್ರೀ," ಎಂದಳು ಅಕ್ಕರೆಯಿಂದ. "ಹೇಗೂ ಎಲ್ಲಾ ಸರಿಹೋಯ್ತಲ್ಲ, ಇನ್ನು ನಿಮ್ಮಕ್ಕ ಬಂದು ಇದ್ದು ಹೋಗಿದ್ದರ ಬಗ್ಗೆ ಬರೀರಿ. ಅದನ್ನ ಎಷ್ಟು ಪೆನ್ ಡ್ರೈವ್‌ಗೆ ಬೇಕಾದ್ರೂ ಹಾಕಿಕೊಳ್ಳಿ." ಅಂದಿನಿಂದ ದಿನಾ ಸಂಜೆ ಎಷ್ಟು ಪುಟ ಆಯಿತೆಂದು ವಿಚಾರಿಸುತ್ತಾಳೆ. ಲ್ಯಾಪ್‌ಟಾಪಿನಲ್ಲೇ ಏನೋ ತೊಂದರೆಯಿದೆ, ರಿಪೇರಿ ಮಾಡುತ್ತಿದ್ದೇನೆ ಎಂದು ಹೇಳಿಕೊಂಡು ಬರುತ್ತಿದ್ದೇನೆ.