ಅನುಮತಿ ಇಲ್ಲದೆ ಹಿಮಯುಗ ಮುಗಿದಿರುವ ಬಗ್ಗೆ

ಗತಕಾಲದ ಹವಾಮಾನ ಗಣನೆ ಉಪವಿಭಾಗ
ಚಿಕ್ಕಬಳ್ಳಾಪುರ

ಸಂಖ್ಯೆ: ಗಹಗ/ಹಿಮ/ಸು-೧೪/೨೦೨೪-೨೫
ದಿನಾಂಕ: ೧೭-೦೩-೨೦೨೫

ಸುತ್ತೋಲೆ

ವಿಷಯ: ಸುಮಾರು ಇಪ್ಪತ್ತೊಂದು ಸಾವಿರ ವರ್ಷಗಳ ಹಿಂದಿನ ಹಿಮಯುಗವು ಈ ಕಚೇರಿಯ ಗಣಕಯಂತ್ರದಲ್ಲಿ, ಪೂರ್ವಾನುಮತಿ ಇಲ್ಲದೆ, ಕಚೇರಿ ವೇಳೆ ಮೀರಿ ಮುಕ್ತಾಯಗೊಂಡಿರುವ ಬಗ್ಗೆ.

ಉಲ್ಲೇಖ:
(೧) ಈ ಕಚೇರಿಯ ವಿದ್ಯುತ್ ಉಳಿತಾಯ ಆದೇಶ. (ಸಂಜೆ ಐದೂವರೆಗೆ ಮೇನ್ ಸ್ವಿಚ್ ಆರಿಸುವುದು.)
(೨) ಕುಮಾರಿ ಗೌತಮಿ, ಗಣನೆ ಸಹಾಯಕಿ (ಗುತ್ತಿಗೆ), ಇವರಿಗೆ ನೀಡಿದ ಕಾರಣ ಕೇಳುವ ನೋಟಿಸುಗಳು, ಒಟ್ಟು ಆರು.
(೩) ಸದರಿಯವರ ಉತ್ತರಗಳು, ಒಟ್ಟು ಆರು. ಆರನೆಯದರಲ್ಲಿ ಚಿತ್ರ ಬರೆಯಲಾಗಿದೆ.
(೪) ಶ್ರೀ ಬಯ್ಯಪ್ಪ, ಡಿ ದರ್ಜೆ ನೌಕರರು, ಇವರ ಹೇಳಿಕೆ.

ಪ್ರಸ್ತಾವನೆ

ಈ ಕಚೇರಿಯಲ್ಲಿ ಅಸಲಿಗೆ ನಡೆಯುವ ಕೆಲಸವಾದರೂ ಏನು ಎಂದು ಜಿಲ್ಲೆಯ ಹಲವರು ಕೇಳುತ್ತಿರುವುದರಿಂದ ಮೊದಲು ಅದನ್ನೇ ಸ್ಪಷ್ಟಪಡಿಸಲಾಗಿದೆ. ಹಿಂದಿನ ಕಾಲದ ಗಾಳಿ, ಮಳೆ, ಸಮುದ್ರ, ಮಂಜುಗಡ್ಡೆ ಇವುಗಳನ್ನು ಲೆಕ್ಕಗಳಾಗಿ ಗಣಕಯಂತ್ರಕ್ಕೆ ತುಂಬಿ, ಭೂಮಿ ಆಗ ಹೇಗೆ ನಡೆದುಕೊಂಡಿತೋ ಅದನ್ನು ಇನ್ನೊಮ್ಮೆ ನಡೆಸಿ ನೋಡುವುದು. ಇದಕ್ಕೆ ಮಾದರಿ ಎನ್ನುತ್ತಾರೆ. ಕೆಳಗೆ ಸಹಿ ಮಾಡಿದವರು ಅಧಿಕಾರ ವಹಿಸಿಕೊಂಡ ದಿನ ಮಾದರಿ ಎಂದರೆ ಥರ್ಮೋಕೋಲಿನದಿರಬೇಕೆಂದು ಭಾವಿಸಿ, ಅದರ ಧೂಳು ಹೊಡೆಯಲು ಬಯ್ಯಪ್ಪನವರಿಗೆ ಮೌಖಿಕ ಆದೇಶ ನೀಡಿದ್ದರು. ಬಯ್ಯಪ್ಪನವರು ಎರಡು ದಿನ ಮಾದರಿಯನ್ನು ಹುಡುಕಿದ್ದಾರೆ.

ಸದರಿ ಯಂತ್ರವು ಐನೂರು ವರ್ಷಗಳ ಲೆಕ್ಕ ಪೂರ್ತಿಯಾದ ಮೇಲಷ್ಟೇ ಅದನ್ನು ಉಳಿಸಿಕೊಳ್ಳುತ್ತದೆ. ಐನೂರು ವರ್ಷಕ್ಕೆ ಒಂಬತ್ತು ಗಂಟೆ ಬೇಕು. ಕಚೇರಿ ವೇಳೆ ಏಳೂವರೆ ಗಂಟೆ. ಹೀಗಾಗಿ ಬೆಳಿಗ್ಗೆ ಹತ್ತಕ್ಕೆ ಶುರುವಾದ ಹಿಮಯುಗವು ಸಂಜೆ ನಾನೂರ ಹದಿನಾರನೇ ವರ್ಷಕ್ಕೆ ಬರುವಷ್ಟರಲ್ಲಿ ಉಲ್ಲೇಖ (೧)ರಂತೆ ಮೇನ್ ಸ್ವಿಚ್ ಆರುತ್ತಿತ್ತು. ಮರುದಿನ ಪುನಃ ಒಂದನೇ ವರ್ಷ. ಐನೂರನ್ನು ನೂರಕ್ಕೆ ಇಳಿಸಲು ಕೇಂದ್ರ ಕಚೇರಿಯ ತಾಂತ್ರಿಕ ಅನುಮೋದನೆ ಬೇಕಿದ್ದು, ಪತ್ರ ಹೋಗಿದೆ. ಅಲ್ಲಿಂದ ಉತ್ತರ ಬರುವ ವೇಗವನ್ನು ಗಮನಿಸಿದರೆ ಮುಂದಿನ ಹಿಮಯುಗವೇ ಮೊದಲು ಬರುವ ಸಂಭವವಿದೆ.

ಈ ಪ್ರಕಾರ ನಲವತ್ತಮೂರು ಕೆಲಸದ ದಿನಗಳಲ್ಲಿ ಅದೇ ನಾನೂರ ಹದಿನಾರು ವರ್ಷಗಳು ನಲವತ್ತಮೂರು ಸಲ ಕಳೆದುಹೋಗಿವೆ. ಇದನ್ನು ಗಂಭೀರವಾಗಿ ಪರಿಗಣಿಸಿ, ಇಷ್ಟು ಸಾವಿರ ವರ್ಷಗಳಲ್ಲಿ ಪ್ರಗತಿ ಏಕಿಲ್ಲ ಎಂದು ಗೌತಮಿ ಅವರಿಗೆ ಆರು ನೋಟಿಸು ನೀಡಲಾಯಿತು. ಸ್ವಿಚ್ಚಿನ ಕಾರಣವನ್ನು ಅವರು ಆರೂ ಉತ್ತರಗಳಲ್ಲಿ ತಿಳಿಸಿದ್ದರು. ಐದು ಉತ್ತರಗಳನ್ನು ಓದದೆಯೇ ಕಡತಕ್ಕೆ ಸೇರಿಸಲಾಗಿತ್ತು ಎಂಬುದನ್ನು ಇಲ್ಲಿ ಒಪ್ಪಿಕೊಳ್ಳಲಾಗಿದೆ.

ಆರನೆಯ ಉತ್ತರದಲ್ಲಿ ಒಂದು ವೃತ್ತವಿತ್ತು. ಸ್ವಿಚ್ ಆರಿತು, ಪ್ರಗತಿ ಇಲ್ಲ, ನೋಟಿಸು ಬಂತು, ಉತ್ತರ ಬರೆಯುತ್ತ ಕೂತೆ, ಯಂತ್ರ ತಡವಾಗಿ ಶುರುವಾಯಿತು, ಪ್ರಗತಿ ಇನ್ನೂ ಕಡಿಮೆ, ಮತ್ತೆ ನೋಟಿಸು. ವೃತ್ತದ ನಡುವೆ ಕನ್ನಡಕ ಹಾಕಿದ ಒಂದು ಮುಖ. ಅದು ಯಾರ ಮುಖವೆಂದು ವಿಚಾರಣೆ ನಡೆಸಲಾಗಿ, ಈ ಕಚೇರಿಯಲ್ಲಿ ಕನ್ನಡಕ ಧರಿಸುವವರು ಒಬ್ಬರೇ ಎಂದು ಕಂಡುಬಂದಿದೆ. ಚಿತ್ರದ ಕೆಳಗೆ, 'ಭೂಮೀನೂ ಹಿಂಗೇ ಸಾರ್. ಮಂಜು ಬೆಳ್ಳಗಿರತ್ತೆ, ಬಿಸಿಲನ್ನ ವಾಪಸ್ ಕಳಿಸತ್ತೆ. ಬಿಸಿಲು ಹೋದ್ರೆ ತಂಪು, ತಂಪಾದ್ರೆ ಇನ್ನೂ ಮಂಜು. ಕರಗೋಕೆ ಶುರುವಾದ್ರೆ ಎಲ್ಲಾ ಉಲ್ಟಾ. ಇದಕ್ಕೆ ಫೀಡ್‌ಬ್ಯಾಕ್ ಅಂತಾರೆ. ಇದು ಎಷ್ಟು ಅಂತ ಅಳೆಯೋದೇ ನನ್ನ ಮೂರು ವರ್ಷದ ಕೆಲಸ' ಎಂದು ಆಡುಮಾತಿನಲ್ಲೇ ಬರೆಯಲಾಗಿತ್ತು. ಆಡಳಿತ ಕನ್ನಡ ಬಳಸದಿರುವುದಕ್ಕೆ ಏಳನೆಯ ನೋಟಿಸು ಸಿದ್ಧಪಡಿಸಿ, ಆಮೇಲೆ ಹರಿದುಹಾಕಲಾಯಿತು.

ಇಷ್ಟರಲ್ಲಿ ದಿನಾಂಕ ೧-೩-೨೦೨೫ರಂದು ಶುರುವಾದ ಹಿಮಯುಗವು ಸಂಜೆ ನಿಲ್ಲದೆ, ಸತತ ಹತ್ತೂವರೆ ದಿನ ಓಡಿ, ಹದಿನಾಲ್ಕು ಸಾವಿರ ವರ್ಷಗಳನ್ನು ದಾಟಿ, ಮಂಜು ಕರಗಿ, ೧೨ರ ಬೆಳಿಗ್ಗೆ ಕಚೇರಿ ತೆರೆಯುವ ಹೊತ್ತಿಗೆ ಮುಗಿದೇಹೋಗಿತ್ತು. ಸ್ವಿಚ್ಚಿನ ವಹಿಯಲ್ಲಿ ಪ್ರತಿ ಸಂಜೆ 'ಆರಿಸಲಾಗಿದೆ' ಎಂದು ಬಯ್ಯಪ್ಪನವರ ಸಹಿ ಇದೆ. ಈ ಹಿನ್ನೆಲೆಯಲ್ಲಿ ಕೆಳಕಂಡ ಸೂಚನೆಗಳು.

೧. ಸದರಿ ಹಿಮಯುಗವು ಯಂತ್ರದೊಳಗೆ ಮಾತ್ರ ನಡೆದಿರುತ್ತದೆ. ಆದಕಾರಣ ಗೌರಿಬಿದನೂರು ತಾಲ್ಲೂಕನ್ನು ಹಿಮಪೀಡಿತ ಎಂದು ಘೋಷಿಸುವಂತೆ ಬಂದಿರುವ ಮನವಿಯನ್ನು ತಿರಸ್ಕರಿಸಿದೆ. ಗೌರಿಬಿದನೂರಿಗೆ ಕೊಡುವುದಾದರೆ ಚಿಂತಾಮಣಿಗೂ ಕೊಡಬೇಕೆಂದು ಬಂದಿರುವ ಮನವಿಯನ್ನು, ಗೌರಿಬಿದನೂರಿಗೆ ಕೊಡದಿರುವ ಕಾರಣ, ಸಮಾನತೆಯ ದೃಷ್ಟಿಯಿಂದ ತಿರಸ್ಕರಿಸಿದೆ. ಅಸಲು ಮಂಜುಗಡ್ಡೆಯು ಭೂಮಿಯ ಉತ್ತರ ಭಾಗದಲ್ಲಿತ್ತು, ಮುರುಗಮಲ್ಲದವರೆಗೆ ಬಂದಿರಲಿಲ್ಲ. ಬಸ್ಸುಗಳು ಎಂದಿನಂತೆ ಓಡುತ್ತವೆ.

೨. ಮಾದರಿಯು ಭೂಮಿಯನ್ನು ಚೌಕಗಳಾಗಿ ವಿಂಗಡಿಸುತ್ತದೆ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ನಾಲ್ಕೂ ಒಂದೇ ಚೌಕಕ್ಕೆ ಬಿದ್ದಿದ್ದು, ನಾಲ್ಕಕ್ಕೂ ಒಂದೇ ಮಳೆ. ತಮ್ಮ ಮಳೆಯನ್ನು ಪಕ್ಕದ ತಾಲ್ಲೂಕಿನವರೊಂದಿಗೆ ಹಂಚಿಕೊಳ್ಳಲು ಒಪ್ಪುವುದಿಲ್ಲವೆಂದು ಯಾರೂ ಇನ್ನು ಮುಂದೆ ಕಚೇರಿಗೆ ಬರಕೂಡದು. ಚೌಕದ ಪೂರ್ವದ ಅಂಚು ಆಂಧ್ರಕ್ಕೆ ಸೇರುವುದರಿಂದ ಅಲ್ಲಿಯ ಮೋಡಗಳು ತೆಲುಗಿನಲ್ಲಿ ಗುಡುಗಿದರೆ ಆಕ್ಷೇಪಣೆ ಇಲ್ಲ. ಆ ಕಾಲದಲ್ಲಿ ಕುಡುಮಲಕುಂಟೆಯಲ್ಲಿ ಕಾರ್ಖಾನೆಗಳು ಇರಲಿಲ್ಲ. ಎರಡನೇ ಪಾಳಿಯವರು ಅಂದು ಹಾಜರಿದ್ದ ಬಗ್ಗೆ ದೃಢೀಕರಣ ಪತ್ರ ನೀಡಲಾಗುವುದಿಲ್ಲ.

೩. ಮಂಜು ಹೆಚ್ಚಾದುದರಿಂದಲೇ ಮಂಜು ಮತ್ತಷ್ಟು ಹೆಚ್ಚಾಗುವುದು ಸ್ವಹಿತಾಸಕ್ತಿಯ ವ್ಯಾಪ್ತಿಗೆ ಬರುತ್ತದೆ. ತನ್ನ ವಿಸ್ತರಣೆಗೆ ತಾನೇ ಶಿಫಾರಸು ಮಾಡಿಕೊಳ್ಳುವುದು ನಡತೆ ನಿಯಮಗಳಿಗೆ ವಿರುದ್ಧ. ಇನ್ನು ಮುಂದೆ ಮಂಜು ಹರಡಬೇಕಾದಲ್ಲಿ ಪಕ್ಕದ ಚೌಕದ ನಿರಾಕ್ಷೇಪಣಾ ಪತ್ರವನ್ನು ಮೂರು ಪ್ರತಿಗಳಲ್ಲಿ ಸಲ್ಲಿಸತಕ್ಕದ್ದು. ಪಕ್ಕದ ಚೌಕ ಸಮುದ್ರವಾಗಿದ್ದಲ್ಲಿ ಪ್ರತಿಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕತಕ್ಕದ್ದು.

೪. ಹದಿನಾಲ್ಕು ಸಾವಿರ ವರ್ಷಗಳಲ್ಲಿ ಬಂದ ಒಂದು ಲಕ್ಷದ ಅರವತ್ತೆಂಟು ಸಾವಿರ ಎರಡನೇ ಶನಿವಾರಗಳಂದೂ ಹಿಮಯುಗವು ಕಾರ್ಯನಿರ್ವಹಿಸಿರುವುದು ಪರಿಶೀಲನೆಯಲ್ಲಿ ಬೆಳಕಿಗೆ ಬಂದಿದೆ. ಇದಕ್ಕೆ ಪರ್ಯಾಯ ರಜೆ ಕೋರಲು ಮಂಜಿಗೆ ಅವಕಾಶವಿರುವುದಿಲ್ಲ.

೫. ಶ್ರೀ ಬಯ್ಯಪ್ಪನವರು ಸಾದಲಿ ಹೋಬಳಿಯವರು. ಮನೆಯಲ್ಲಿ ರೇಷ್ಮೆ ಹುಳು ಸಾಕುತ್ತಾರೆ. ವಿಚಾರಣೆಯಲ್ಲಿ ಅವರು ನೀಡಿದ ಹೇಳಿಕೆಯನ್ನು ತಿದ್ದಲು ಮನಸ್ಸು ಬಾರದ ಕಾರಣ ಇದ್ದಂತೆಯೇ ನಮೂದಿಸಿದೆ:

'ಸಾರ್, ಹುಳ ಜ್ವರಕ್ಕೆ ಕೂತಾಗ ಸೊಪ್ಪು ಹಾಕಂಗಿಲ್ಲ, ಮುಟ್ಟಂಗಿಲ್ಲ. ಸುಮ್ನೆ ಬಿಡ್ಬೇಕು. ಒಳಗೇ ಏನೋ ಆಗ್ತಿರ್ತದೆ, ನಮಗೆ ಕಾಣಲ್ಲ. ಮುಗಿದ ಮೇಲೆ ಪೊರೆ ಬಿಟ್ಟು ತಾನೇ ಎದ್ದೇಳ್ತದೆ. ಈ ಮಿಷನ್ನೂ ಅಂಗೇ ಅಂತ ಗೌತಮಮ್ಮ ಹೇಳ್ತು. ಆಯಮ್ಮ ದಿನಾ ಬೆಳಗ್ಗೆ ಕೂರಿಸ್ತದೆ, ನಾನು ದಿನಾ ಸಾಯಂಕಾಲ ಹೋಗಿ ಸಾಯಿಸ್ತೀನಿ. ನಲವತ್ತಮೂರು ಸಲ ಸಾಯಿಸಿದೀನಿ ಸಾರ್. ನಲವತ್ತನಾಕನೇ ಸಲ ಕೈ ಬರ್ಲಿಲ್ಲ.'

೬. ಕೈ ಬಾರದೆ ಇರುವುದು ಸೇವಾ ನಿಯಮಗಳಲ್ಲಿ ಎಲ್ಲಿಯೂ ಕಂಡುಬರುವುದಿಲ್ಲ. ಅದಲ್ಲದೆ ಬಯ್ಯಪ್ಪನವರು ಯಂತ್ರದ ಕೋಣೆಯನ್ನು ಪೂರ್ತಿ ಹುಳುವಿನ ಮನೆಯಾಗಿ ಪರಿವರ್ತಿಸಿದ್ದಾರೆ. ಹೊಸ್ತಿಲಿಗೆ ಸುಣ್ಣದ ಪುಡಿ ಹಾಕಲಾಗಿದೆ. ಕಳೆದ ಮೇ ತಿಂಗಳಿಂದ ಕೆಟ್ಟಿರುವ ಎ.ಸಿ.ಗೆ ಬದಲಾಗಿ ಕಿಟಕಿಗಳಿಗೆ ಒದ್ದೆ ಗೋಣಿಚೀಲ ಕಟ್ಟಲಾಗಿದೆ. ಬಾಗಿಲಿಗೆ 'ಜ್ವರಕ್ಕೆ ಕೂತಿದೆ, ಸದ್ದು ಮಾಡಬೇಡಿ' ಎಂಬ ರಟ್ಟಿನ ಫಲಕ ಹಾಕಲಾಗಿದ್ದು, ಅದನ್ನು ನೋಡಿದ ನೆರೆಯ ಕಚೇರಿಯವರು ಗೌತಮಿ ಅವರಿಗೆ ಜ್ವರವೆಂದು ತಿಳಿದು ಎರಡು ಎಳನೀರು ಕಳಿಸಿಕೊಟ್ಟಿದ್ದಾರೆ. ಎಳನೀರು ಸ್ವೀಕರಿಸಿದ್ದಕ್ಕೆ ರಸೀದಿ ನೀಡಿಲ್ಲ. ಇಂಥ ಕೃತ್ಯಗಳನ್ನು ತೀವ್ರವಾಗಿ ಖಂಡಿಸಲಾಗಿದೆ. ಆದರೂ ಆ ಹತ್ತು ದಿನ ಯಂತ್ರ ಒಮ್ಮೆಯೂ ಬಿಸಿಯಾಗಿ ನಿಂತಿಲ್ಲ ಎಂಬುದನ್ನು ಕಡತದಿಂದ ತೆಗೆಯಲು ಬರುವುದಿಲ್ಲ.

೭. ದಿನಾಂಕ ೧೦ರ ಸಂಜೆ ಐದು ನಲವತ್ತಕ್ಕೆ ಕೆಳಗೆ ಸಹಿ ಮಾಡಿದವರು ಛತ್ರಿ ಮರೆತು ಹಿಂದಿರುಗಿದಾಗ ಯಂತ್ರದ ಕೋಣೆಯಲ್ಲಿ ಬೆಳಕು ಕಂಡರು. ಸ್ವಿಚ್ಚನ್ನು ಖುದ್ದಾಗಿ ಆರಿಸುವ ದೃಢ ನಿರ್ಧಾರದಿಂದ ಒಳಹೊಕ್ಕರು. ಫಲಕ ಓದಿ ಚಪ್ಪಲಿ ಏಕೆ ಬಿಟ್ಟರೆಂಬುದಕ್ಕೆ ಅವರಲ್ಲಿ ಇಂದಿಗೂ ಸಮಜಾಯಿಷಿ ಇಲ್ಲ. ಒಳಗೆ ಗೌತಮಿ ಅವರು ಎದ್ದು ನಿಂತು, 'ಸಾರ್, ಇನ್ನೊಂದು ದಿನ ಸಾರ್, ಒಂದೇ ದಿನ' ಎಂದರು. 'ಏನಮ್ಮ ಇದು, ರೂಲ್ಸು ಅಂತ ಒಂದಿದೆ ತಾನೇ?' ಎಂದು ಕೇಳಲಾಯಿತು. ಅವರು ಪರದೆಯನ್ನು ಇವರ ಕಡೆಗೆ ತಿರುಗಿಸಿದರು.

ಪರದೆಯ ಮೇಲೆ ಭೂಮಿ ಇತ್ತು. ತಲೆಯ ಮೇಲಿನ ಬಿಳುಪು ಹಿಂದೆ ಹಿಂದೆ ಸರಿಯುತ್ತಿತ್ತು. ಅದು ಸರಿದ ಜಾಗ ಕಪ್ಪಾಗುತ್ತ, ಕಪ್ಪಾದ ಜಾಗ ಬಿಸಿಲು ಕುಡಿಯುತ್ತ, ಅದರಿಂದಲೇ ಬಿಳುಪು ಇನ್ನಷ್ಟು ಬೇಗ ಸರಿಯುತ್ತಿತ್ತು. ಕೆಳಗೆ, ಸಮುದ್ರದ ಮೇಲಿಂದ ಮಳೆಗಾಳಿ ಒಳನಾಡಿಗೆ ಬಂದು, ನಾಲ್ಕು ತಾಲ್ಲೂಕಿನ ಆ ಒಂದು ಚೌಕ ವರ್ಷದಿಂದ ವರ್ಷಕ್ಕೆ ನೀಲಿಯಾಗುತ್ತಿತ್ತು. 'ಇದು ನಮ್ಮೂರಾ?' ಎಂದು ಕೆಳಗೆ ಸಹಿ ಮಾಡಿದವರು ಕೇಳಿದರು. 'ಹೂಂ ಸಾರ್. ಎಂಟೂವರೆ ಸಾವಿರ ವರ್ಷದ ಹಿಂದಿನ ಮಳೆ.' ಇಪ್ಪತ್ತಾರು ವರ್ಷದ ಸೇವೆಯಲ್ಲಿ ಅವರು ನೋಡಿದ ಯಾವ ಪ್ರಗತಿ ವರದಿಯಲ್ಲೂ ಏನೂ ಚಲಿಸಿದ್ದನ್ನು ಅವರು ಕಂಡಿರಲಿಲ್ಲ. ಬಹಳ ಸಂತೋಷವಾಯಿತು. ಜೊತೆಗೆ ನಾಚಿಕೆಯೂ ಆಯಿತು. ಇದನ್ನೇ ತಾನು ಬಯ್ಯಪ್ಪನವರ ಕೈಯಿಂದ ನಲವತ್ತಮೂರು ಸಲ ಆರಿಸಿಹಾಕಿಸಿದ್ದು. ಸ್ವಿಚ್ಚನ್ನು ಮುಟ್ಟದೆ ಮನೆಗೆ ಹೋದರು. ಛತ್ರಿ ಅಲ್ಲಿಯೇ ಉಳಿಯಿತು.

೮. ಇಷ್ಟರಿಂದ ಹಿಮಯುಗದ ವಿಷಯ ಇತ್ಯರ್ಥವಾಯಿತೆಂದು ಭಾವಿಸಿ ೧೨ರಂದು ಕಡತ ಮುಚ್ಚಲು ಹೊರಟಾಗ ಗೌತಮಿ ಅವರು ತಡೆದು, ಒಂದು ಓಟದಿಂದ ಏನೂ ಸಾಬೀತಾಗದು ಎಂದು ತಿಳಿಸಿರುತ್ತಾರೆ. 'ಈ ಸಲ ಮಂಜಿನ ಬಿಳುಪನ್ನ ಅದರ ಪಾಡಿಗೆ ಬದಲಾಗೋಕೆ ಬಿಟ್ಟಿದ್ದೆ ಸಾರ್. ಇನ್ನೊಂದ್ಸಲ ಅದನ್ನ ಬದಲಾಗದಂಗೆ ಕಟ್ಟಿಹಾಕಿ ಓಡಿಸ್ಬೇಕು. ಎರಡಕ್ಕೂ ಇರೋ ವ್ಯತ್ಯಾಸಾನೇ ಫೀಡ್‌ಬ್ಯಾಕು. ಎರಡನೇದು ಇಲ್ದಿದ್ರೆ ಮೊದಲನೇದು ಬರೀ ಸಿನಿಮಾ.' ಎರಡನೇ ಓಟಕ್ಕೂ ಹತ್ತೂವರೆ ದಿನ ಬೇಕು. ಅದು ಇಂದು ಬೆಳಿಗ್ಗೆ ಹತ್ತಕ್ಕೆ ಶುರುವಾಗಿದೆ. ೨೯ರಂದು ಯಂತ್ರವನ್ನು ಕೇಂದ್ರ ಕಚೇರಿಗೆ ಒಯ್ಯಲು ಲಾರಿ ಬರುತ್ತದೆ. ಅಂದೇ ಗೌತಮಿ ಅವರ ಗುತ್ತಿಗೆಯೂ ಮುಗಿಯುತ್ತದೆ. ಅಷ್ಟರೊಳಗೆ ಎರಡೇ ಎರಡು ಸಂಜೆ ಸ್ವಿಚ್ ಆರಿದರೂ ಮೂರು ವರ್ಷದ ಕೆಲಸ ನೀರುಪಾಲು.

೯. ಈ ಸಂಗತಿಗಳನ್ನು ವಿವರಿಸಿ ಕೇಂದ್ರ ಕಚೇರಿಗೆ ದೂರವಾಣಿ ಮಾಡಲಾಗಿ, ಉಳಿತಾಯ ಆದೇಶಕ್ಕೆ ವಿನಾಯಿತಿ ಇಲ್ಲವೆಂದೂ, ಇಂದೇ ಸುತ್ತೋಲೆ ಹೊರಡಿಸಿ ಐದೂವರೆಗೆ ಸ್ವಿಚ್ ಆರಿಸಬೇಕೆಂದೂ ಅಪ್ಪಣೆಯಾಗಿದೆ. ಕೆಳಗೆ ಸಹಿ ಮಾಡಿದವರು ಎಂದೂ ಮೇಲಿನವರ ಮಾತು ಮೀರಿದವರಲ್ಲ. ಅದರಂತೆ, ಪ್ರತಿದಿನ ಸಂಜೆ ಐದೂವರೆಗೆ ಸರಿಯಾಗಿ, ಹಿಮಯುಗವಿರಲಿ ಬೇಸಿಗೆಯಿರಲಿ, ಮೇನ್ ಸ್ವಿಚ್ಚನ್ನು ತಪ್ಪದೆ ಆರಿಸತಕ್ಕದ್ದೆಂದು ಈ ಸುತ್ತೋಲೆಯಿಂದ ಕಟ್ಟುನಿಟ್ಟಾಗಿ ತಿಳಿಯಪಡಿಸಿದೆ. ಉಲ್ಲಂಘಿಸಿದವರ ವಿರುದ್ಧ ಶಿಸ್ತುಕ್ರಮ ಖಚಿತ.

೧೦. ಮೇನ್ ಸ್ವಿಚ್ಚನ್ನು ಅದಕ್ಕೆಂದು ನೇಮಕವಾದ ನೌಕರರಲ್ಲದೆ ಬೇರೆ ಯಾರೂ ಮುಟ್ಟಕೂಡದು. ಅಂಥವರು ಶ್ರೀ ಬಯ್ಯಪ್ಪನವರು ಒಬ್ಬರೇ. ಈ ಆದೇಶವು ಸದರಿಯವರ ಕೈಗೆ ಖುದ್ದಾಗಿ ತಲುಪಿ, ಓದಿಕೊಂಡೆನೆಂದು ಅವರು ಸಹಿ ಹಾಕಿದ ಕ್ಷಣದಿಂದ ಜಾರಿಗೆ ಬರುತ್ತದೆ. ಅದಕ್ಕಿಂತ ಒಂದು ನಿಮಿಷ ಮೊದಲೂ ಅಲ್ಲ.

ಸಹಿ/-
(ಚೆನ್ನಕೇಶವ)
ಆಡಳಿತಾಧಿಕಾರಿ
ಗತಕಾಲದ ಹವಾಮಾನ ಗಣನೆ ಉಪವಿಭಾಗ, ಚಿಕ್ಕಬಳ್ಳಾಪುರ

ಪ್ರತಿಗಳು:

೧. ಕೇಂದ್ರ ಕಚೇರಿಗೆ, ಅಪ್ಪಣೆಯನ್ನು ಅಕ್ಷರಶಃ ಪಾಲಿಸಲಾಗಿದೆ ಎಂಬ ಮಾಹಿತಿಗಾಗಿ.

೨. ಗೌರಿಬಿದನೂರು, ಚಿಂತಾಮಣಿ ಮನವಿದಾರರಿಗೆ, ಒಂದೇ ಪ್ರತಿ. ಹಂಚಿಕೊಂಡು ಓದುವುದು.

೩. ನೆರೆಯ ಕಚೇರಿಗೆ, ಎಳನೀರಿನ ವಂದನೆಗಳೊಂದಿಗೆ.

೪. ಕುಮಾರಿ ಗೌತಮಿ ಅವರಿಗೆ. ಇದಕ್ಕೆ ಉತ್ತರ ಬರೆಯುವ ಅಗತ್ಯವಿಲ್ಲ, ಕೆಲಸ ನೋಡಿಕೊಳ್ಳುವುದು.

೫. ಶ್ರೀ ಬಯ್ಯಪ್ಪನವರಿಗೆ, ಖುದ್ದಾಗಿ ಜಾರಿ ಮಾಡುವ ಸಲುವಾಗಿ. ಸದರಿಯವರು ಇಂದು ಮಧ್ಯಾಹ್ನದಿಂದ ೨೮ನೇ ತಾರೀಖಿನವರೆಗೆ ಗಳಿಕೆ ರಜೆಯ ಮೇಲಿದ್ದಾರೆ. ರಜೆಯನ್ನು ಅವರು ಕೇಳಿರಲಿಲ್ಲ. ಅರ್ಜಿ ಬರೆದುಕೊಟ್ಟವರೂ, ಸಾದಲಿಯ ಬಸ್ಸು ಹತ್ತಿಸಿ ಬಂದವರೂ ಮೇಲೆ ಸಹಿ ಮಾಡಿದವರೇ.